ಮೈನಸ್ 40ರಲ್ಲಿ ಹುಲ್ಲಹಳ್ಳಿ ಪೈಲಟ್ಟು

ನಮ್ಮ ಹುಲ್ಲಹಳ್ಳಿಯಲ್ಲಿ ಚಳಿ ಅಂದರೆ ಧನುರ್ಮಾಸದಲ್ಲಿ ಕಪಿಲೆಯ ಮೇಲೆ ಒಂದಿಷ್ಟು ಮಂಜು ಕೂತು, ಟೀ ಅಂಗಡಿ ಮುಂದೆ ನಾಲ್ಕು ಮಫ್ಲರ್ ಕಾಣಿಸಿಕೊಂಡರೆ ಮುಗೀತು. ಅಷ್ಟಕ್ಕೇ ಗಡಗಡ ನಡುಗುತ್ತಿದ್ದ ನಾನು ಪೈಲಟ್ ಕೆಲಸ ಹುಡುಕಿಕೊಂಡು ಉತ್ತರ ಕೆನಡಾದ ಯೆಲ್ಲೋನೈಫ್‌ಗೆ ಹೋದೆ. ಇದರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥರ ತಪ್ಪೇನಿಲ್ಲ. 2003ರಲ್ಲಿ ಅವರು ಏರ್ ಡೆಕ್ಕನ್ ಶುರು ಮಾಡಿದಾಗ, ಹಾಸನದ ಕಡೆ ಹೊಲ ಉತ್ತವರು ಕ್ಯಾಪ್ಟನ್ ಆಗಬಹುದಾದರೆ ನಂಜನಗೂಡು ತಾಲ್ಲೂಕಿನವನು ಯಾಕಾಗಬಾರದು ಅಂದುಕೊಂಡೆ. ಅವರು ಸೇನೆಯ ಕ್ಯಾಪ್ಟನ್ನು, ವಿಮಾನದ್ದಲ್ಲ ಅಂತ ನನಗೆ ಗೊತ್ತಾಗುವ ಹೊತ್ತಿಗೆ ಅಪ್ಪ ಗದ್ದೆ ಅಡ ಇಟ್ಟಾಗಿತ್ತು.

200 ಗಂಟೆ ಹಾರಿಸಿ ಕಮರ್ಷಿಯಲ್ ಲೈಸೆನ್ಸ್ ತಗೊಂಡೆ. ಆದರೆ ಹೋದಲ್ಲೆಲ್ಲ "ಇನ್ನೊಂದು ಸಾವಿರ ಗಂಟೆ ಹಾರಿಸಿ ಬಾ" ಅಂದರು. ಕೆಲಸ ಇಲ್ಲದೆ ಗಂಟೆ ಎಲ್ಲಿಂದ ತರಲಿ? ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಬಯೋಡೇಟಾ ಹಿಡಿದು ಅಲೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ ಯಾರೋ ಪುಣ್ಯಾತ್ಮರು, "ಕೆನಡಾದ ಉತ್ತರಕ್ಕೆ ಹೋಗು. ರಸ್ತೆಯೇ ಇಲ್ಲದ ಊರುಗಳಿಗೆ ಪುಟ್ಟ ವಿಮಾನ ಓಡಿಸೋ ಪುಟ್ಟ ಕಂಪನಿಗಳಿವೆ, ಹೊಸಬರನ್ನೂ ತಗೊಳ್ತಾರೆ. ಆದರೆ ಬಯೋಡೇಟಾ ಕೈಯಾರೆ ಕೊಡಬೇಕು" ಅಂದರು.

ಸಾಲ ತಂದ ಕಾರಿನಲ್ಲಿ ಎಡ್ಮಂಟನ್‌ನಿಂದ ಯೆಲ್ಲೋನೈಫ್‌ಗೆ 1,400 ಕಿಲೋಮೀಟರಿಗೂ ಹೆಚ್ಚು ಓಡಿಸಿಕೊಂಡು ಹೋದೆ. ಊರಿನಲ್ಲಿ ಪ್ರತಿ ಕಾರಿನ ಮೂತಿಯಿಂದಲೂ ಒಂದು ವೈರು ನೇತಾಡುತ್ತಿತ್ತು. ಆಹಾ, ಎಲ್ಲರದೂ ಕರೆಂಟ್ ಕಾರು, ಎಷ್ಟು ಮುಂದುವರಿದ ಜನ ಅಂದುಕೊಂಡು ಮಲಗಿದೆ. ಅದು ರಾತ್ರಿ ಎಂಜಿನ್ ಹೆಪ್ಪುಗಟ್ಟದಂತೆ ಬೆಚ್ಚಗಿಡುವ ಹೀಟರಿನ ವೈರು ಅಂತ ಬೆಳಿಗ್ಗೆ ತಿಳಿಯಿತು, ನನ್ನ ಕಾರು ಕಲ್ಲಾದ ಮೇಲೆ.

ನಡೆದೇ ಹೊರಟೆ. ಸಂದರ್ಶನ ಅಂತ ಅವ್ವ ಕಳಿಸಿದ್ದ ಕೊಬ್ಬರಿ ಎಣ್ಣೆ ಕಾಯಿಸಿ ತಲೆತುಂಬ ಹಚ್ಚಿ, ನೀಟಾಗಿ ಬೈತಲೆ ತೆಗೆದಿದ್ದೆ. 24 ಡಿಗ್ರಿಗೇ ಗಟ್ಟಿಯಾಗುವ ಎಣ್ಣೆ ಮೈನಸ್ 40ರಲ್ಲಿ ಏನಾಗುತ್ತೆ ಅಂತ ಹೇಳಬೇಕೆ? ಚೀಫ್ ಪೈಲಟ್ ಎದುರು ವಿನಯದಿಂದ ಟೋಪಿ ತೆಗೆದೆ. ಕೂದಲು ಟೋಪಿಯ ಆಕಾರದಲ್ಲೇ ನಿಂತಿತ್ತು. ಸಾಲದ್ದಕ್ಕೆ, ಒಳಗಿನ ಬಿಸಿಗೆ ಕರಗಿ, ನನ್ನ ಬಯೋಡೇಟಾದ "ಅನುಭವ" ಅನ್ನುವ ಜಾಗಕ್ಕೇ ತೊಟ್ಟಿಕ್ಕಿತು. ಅಲ್ಲಿ ಬೇರೇನೂ ಇರಲಿಲ್ಲ ಬಿಡಿ.

ಆದರೂ ಕೆಲಸ ಸಿಕ್ಕಿತು! "ರ‍್ಯಾಂಪಿನಲ್ಲಿ" ಅಂದರು. ಅಂದರೆ ಹಮಾಲಿ. ಅಲ್ಲಿನ ಪದ್ಧತಿಯೇ ಅದು: ಲೈಸೆನ್ಸ್ ಇದ್ದವನೂ ವರ್ಷವೋ ಎರಡು ವರ್ಷವೋ ಮೂಟೆ ಹೊತ್ತ ಮೇಲೆಯೇ ಸೀಟು. ನಾನು ಊರಿಗೆ "ವಿಮಾನದ ಕಂಪನೀಲಿ ಕೆಲಸ" ಅಂತಷ್ಟೇ ಹೇಳಿದೆ. ಅಪ್ಪ ಶ್ರೀಕಂಠೇಶ್ವರನಿಗೆ ಅಭಿಷೇಕ ಮಾಡಿಸಿ ಬಂದರು. ಒಂದು ದಿನ ರೆಕ್ಕೆಯ ಮೇಲಿನ ಹಿಮ ಗುಡಿಸುತ್ತಿದ್ದೆ. ತೆಳ್ಳಗೆ ಮೆತ್ತಿಕೊಂಡರೂ ರೆಕ್ಕೆಗೆ ಎತ್ತುವ ಕಸುವು ಕಡಿಮೆಯಾಗುತ್ತೆ. ಆಗಲೇ ವಿಡಿಯೋ ಕಾಲ್ ಬಂತು. ದಪ್ಪ ಕೈಗವಸಿನ ಬೆರಳು ತಪ್ಪಿ ಹಸಿರು ಗುಂಡಿಗೇ ತಾಗಿತು.

"ಇದ್ಯಾಕ್ಲಾ ಮಗ, ಇಮಾನ ಗುಡುಸ್ತಿದ್ದೀಯ? ಇಲ್ಲಿ ಕೊಟ್ಟಿಗೆ ಗುಡ್ಸು ಅಂದ್ರೆ ಎದ್ದೋಡ್ತಿದ್ದಲ್ಲೊ!" ಅಂದಳು ಅವ್ವ. ಹಿಂದಿನಿಂದ ಅಪ್ಪ, "ಸುಮ್ಕಿರಮ್ಮಿ, ದೊಡ್ಡ ಕೆಲ್ಸ ಅಂದ್ರೆ ಹಂಗೇಯ" ಅಂದರು. ಅವರ ದನಿಯಲ್ಲಿ ಗದ್ದೆ ನೆನಪಾದ ಹಾಗಿತ್ತು.

ಇನ್ನು ಕೆರೆಯ ಕತೆ. ಅಲ್ಲಿ ಚಳಿಗಾಲದಲ್ಲಿ ಕೆರೆಗಳೇ ರನ್‌ವೇ. ವಿಮಾನಕ್ಕೆ ಗಾಲಿಯ ಬದಲು ಸ್ಕೀ ಹಲಗೆ. ಸಾಮಾನು ಇಳಿಸಲು ನನ್ನನ್ನೂ ಒಂದು ಹಳೇ ಬೀವರ್ ವಿಮಾನದಲ್ಲಿ ಕರೆದೊಯ್ದರು. ಇಳಿದ ತಕ್ಷಣ ಪೈಲಟ್ಟು ಗಾಳಿಯಲ್ಲಿ ಕೂಗಿದ್ದು ನನಗೆ ಕೇಳಿಸಿದ್ದು ಇಷ್ಟೇ: "ಸ್ಪ್ರೂಸ್ ಕೊಂಬೆ ಹಾಕು!" ಓಹೋ, ನಮ್ಮ ಆಯುಧಪೂಜೆ ಇದ್ದಂಗೆ ಇವರದೂ ಏನೋ ಇರಬೇಕು ಅಂತ ಖುಷಿಯಾಗಿ, ಎರಡು ಒಳ್ಳೇ ಕೊಂಬೆ ಮುರಿದು ತಂದು, ಬಾಳೆಕಂದು ಕಟ್ಟುವ ಹಾಗೆ ವಿಮಾನದ ಮೂತಿಯ ಎಡಬಲಕ್ಕೆ ನೆಟ್ಟೆ. ಕುಂಕುಮ ಒಂದಿರಲಿಲ್ಲ.

ಕೊಂಬೆ ಹಾಕಬೇಕಾಗಿದ್ದು ಸ್ಕೀ ಕೆಳಗೆ. ಇಳಿಯುವಾಗ ಉಜ್ಜಿ ಬೆಚ್ಚಗಾದ ಹಲಗೆ, ನಿಂತರೆ ಹಿಮಕ್ಕೆ ಕಚ್ಚಿಕೊಂಡುಬಿಡುತ್ತೆ. ಕಚ್ಚಿಕೊಂಡಿತು. ಎಂಜಿನ್ ಎಷ್ಟು ಕೂಗಿದರೂ ವಿಮಾನ ಕೆಸರುಗದ್ದೆಯ ಗಾಡಿಯಂತೆ ಅಲ್ಲಾಡಲಿಲ್ಲ. ನಾನು ಬಾಲಕ್ಕೆ ಹಗ್ಗ ಹಾಕಿ "ಐಸಾ!" ಅಂತ ಆ ಕಡೆ ಈ ಕಡೆ ಜಗ್ಗಿದೆ. ಒಮ್ಮೆಗೇ ಬಿಟ್ಟುಕೊಂಡಿತು. ವಿಮಾನ ಮುಂದಕ್ಕೆ, ನಾನು ಮುಖ ಅಡಿಯಾಗಿ ಹಿಮಕ್ಕೆ. ಸ್ಕೀಗೆ ಬ್ರೇಕ್ ಇಲ್ಲ, ನಿಂತರೆ ಮತ್ತೆ ಕಚ್ಚಿಕೊಳ್ಳುತ್ತೆ. ಆದ್ದರಿಂದ ಪೈಲಟ್ಟು ನಿಲ್ಲಿಸದೆ, ಬಾಗಿಲು ತೆರೆದು, ಕೆರೆಯ ಮೇಲೆ ದೊಡ್ಡದೊಂದು ಸುತ್ತು ಹೊಡೆಯುತ್ತಾ ನನ್ನತ್ತಲೇ ಬಂದ.

ನನ್ನ ಇಡೀ ವೈಮಾನಿಕ ಜೀವನದಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಅದೊಂದೇ. ಕಾಲೇಜಿಗೆಂದು ನಿತ್ಯ ಬೆಳಿಗ್ಗೆ ನಂಜನಗೂಡು ಬಸ್ಸನ್ನು ಹತ್ತುತ್ತಿದ್ದದ್ದೇ ಹಾಗೆ. ಪಕ್ಕದಲ್ಲೇ ಓಡಿ, ಕಂಬಿ ಹಿಡಿದು, ಹಾರಿ ಒಳಗೆ ಬಿದ್ದೆ. ಅಭ್ಯಾಸಬಲ, ವಿಮಾನದ ಬಾಗಿಲಿಗೆ ಎರಡು ಸಲ ತಟ್ಟಿ ಕೂಗಿಯೂಬಿಟ್ಟೆ:

"ರೈಟ್... ರೈಟ್!"

ಪೈಲಟ್ಟಿಗೆ ಏನರ್ಥವಾಯಿತೋ, ಎತ್ತಿಯೇಬಿಟ್ಟ.