ಕಿಸೆಯ ಚಾಕು, ಊರ ಕೆಲಸ

ಕುಡಗೋಲು ಹಿಡಿದುಕೊಂಡು ಹಿರೇಕೆರೂರಿನ ಬಸ್ಸು ಹತ್ತಿದವನನ್ನು ಯಾರೂ ಏನೂ ಕೇಳುವುದಿಲ್ಲ. ಕೊಡಲಿ ಇದ್ದರೂ ಅಷ್ಟೇ. ಕಂಡಕ್ಟರ್ ಬಹಳವೆಂದರೆ ‘ಯಜಮಾನ್ರ, ಅದನ್ನ ಸೀಟಿನ ಬುಡಕ ಇಡ್ರಿ’ ಅಂದಾನು. ಆದರೆ ಅದೇ ಬಸ್ಸಿನ ಕಿಟಕಿ ಪಕ್ಕ ಕೂತು, ಕಿಸೆಯಿಂದ ಹೆಬ್ಬೆರಳುದ್ದದ ಚಾಕು ತೆಗೆದು ಪೇರಲ ಹಣ್ಣು ಹೆಚ್ಚಲು ಶುರು ಮಾಡಿ ನೋಡಿ. ಪಕ್ಕದವರು ಕೈಚೀಲ ಸಮೇತ ಅರ್ಧ ಅಡಿ ಸರಿಯುತ್ತಾರೆ. ಹಿಂದಿನ ಸೀಟಿನ ಹುಡುಗ, ನಾಳೆ ಸಾಕ್ಷಿ ಹೇಳಬೇಕಾದೀತು ಎಂಬಂತೆ ನಿಮ್ಮ ಮುಖ ಗುರುತು ಹಾಕಿಕೊಳ್ಳುತ್ತಾನೆ. ಕೊನೆಗೆ ಯಾರಾದರೂ ಹಿರಿಯರು ಕೇಳಿಯೇ ಬಿಡುತ್ತಾರೆ: ‘ಸರ, ಕಿಸೇದಾಗ ಚಾಕು ಇಟಗೊಂಡ ಅಡ್ಡಾಡ್ತೀರಿ, ಯಾರ ಮ್ಯಾಲ ಸಿಟ್ಟು?’

ಸಿಟ್ಟೆಲ್ಲ ಪೇರಲದ ಮೇಲೆ ಎಂದರೆ ನಂಬುವವರು ಕಡಿಮೆ. ಇದಕ್ಕೆ ಹಿಂದಿ ಸಿನಿಮಾಗಳನ್ನೇ ದೂರಬೇಕು. ಉತ್ತರ ಪ್ರದೇಶದ ರಾಂಪುರದ ಮಡಚುವ ಚಾಕುವನ್ನು ಎಷ್ಟೋ ಖಳನಾಯಕರು ‘ಖಟಕ್’ ಎಂದು ಬಿಚ್ಚಿ ಬಿಚ್ಚಿ, ಮಡಚುವ ಚಾಕುಗಳ ಕುಲಕ್ಕೇ ಕೆಟ್ಟ ಹೆಸರು ತಂದಿಟ್ಟರು. ರಾಂಪುರದವರೇನೂ ಅದಕ್ಕೆ ನಾಚಿಕೊಂಡಿಲ್ಲ. 2023ರಲ್ಲಿ ಊರಿನ ವೃತ್ತವೊಂದರಲ್ಲಿ ಸುಮಾರು 20 ಅಡಿ ಉದ್ದದ ಚಾಕುವನ್ನೇ ನಿಲ್ಲಿಸಿದರು. ಹಿರೇಕೆರೂರು, ಹಾನಗಲ್ಲು, ಸವಣೂರು, ಶಿಗ್ಗಾವಿ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ಪರಂಪರೆ ಬೇರೆ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಕತ್ತಿ ಕೆಳಗಿಟ್ಟು ತಂಬೂರಿ ಹಿಡಿದರು. ಶರೀಫಜ್ಜನ ಶಿಶುನಾಳವೂ ಅದೇ ತಾಲ್ಲೂಕು. ಹಿರೇಕೆರೂರಿನ ಅಬಲೂರು ಸರ್ವಜ್ಞನನ್ನು ತನ್ನವನೆಂದು ಹೇಳಿಕೊಳ್ಳುತ್ತದೆ. ಬರೀ ಮಾತಿನಲ್ಲೇ ಜನರ ಸಿಪ್ಪೆ ಸುಲಿಯುವವರು ಇಷ್ಟು ಮಂದಿ ಇದ್ದ ಸೀಮೆಯಲ್ಲಿ ಚಾಕುವಿನ ವ್ಯಾಪಾರ ಹೇಗೆ ಬೆಳೆದೀತು?

ಚಾಕು ಇಲ್ಲದೆಯೂ ಕೆಲಸ ನಡೆಯುತ್ತದೆ ಎಂಬುದಕ್ಕೆ ನಮ್ಮ ಕಡೆ ಬೇಕಾದಷ್ಟು ಪುರಾವೆ ಇದೆ. ಸವಣೂರಿನ ಎಲೆಯ ತೊಟ್ಟನ್ನು ಹೆಬ್ಬೆರಳಿನ ಉಗುರಿನಿಂದಲೇ ಚಿವುಟಬೇಕು. ಅದಕ್ಕೆ ಚಾಕು ತೆಗೆದವನನ್ನು ಎಲೆ ತಿನ್ನುವವರ ಪಂಕ್ತಿಯಿಂದ ಎಬ್ಬಿಸಿಬಿಡುತ್ತಾರೆ. ಜಿಲ್ಲೆಯ ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ‘ಕ್ರಾಸಿಂಗ್’ ಮಾಡುವ ಹೆಣ್ಣುಮಕ್ಕಳು ಮೊಗ್ಗಿನ ಗಂಡುಭಾಗವನ್ನು ಶಲಾಕೆಗೆ ಗಾಯವಾಗದಂತೆ ಉಗುರಿನಿಂದಲೇ ಬಿಡಿಸುತ್ತಾರೆ. ಡಾಕ್ಟರರ ಕತ್ತರಿಗೂ ಅಷ್ಟು ನಾಜೂಕು ಬರಲಿಕ್ಕಿಲ್ಲ. ರೊಟ್ಟಿಗೆ ನೆಂಚಿಕೊಳ್ಳುವ ಉಳ್ಳಾಗಡ್ಡಿಯನ್ನು ಗುದ್ದಿ ಒಡೆಯಬೇಕು, ಹೆಚ್ಚಿದರೆ ಅದರ ರುಚಿ ಹೋಯಿತು ಎನ್ನುವವರು ಮನೆಮನೆಯಲ್ಲೂ ಇದ್ದಾರೆ. ಇನ್ನು ಪಂಪ್‌ಸೆಟ್ಟಿನ ವೈರು, ಶಾಂಪೂ ಚೀಟಿ, ಬೀಜದ ಪಾಕೀಟು ಇವೆಲ್ಲ ಹಲ್ಲಿನ ಖಾತೆಗೆ ಸೇರಿದವು. ನಲವತ್ತು ದಾಟಿದ ಮೇಲೆ ಹಲ್ಲಿನ ಡಾಕ್ಟರು ಆ ಖಾತೆಯ ಲೆಕ್ಕ ಕೇಳುತ್ತಾರೆ. ಆಗ ಚಾಕುವಿನ ನೆನಪಾಗುತ್ತದೆ.

ಹಾಗೆ ನೋಡಿದರೆ ನಮ್ಮ ಹಿರಿಯರು ಬರಿಗೈಯಲ್ಲಿ ಹೊರಗೆ ಹೊರಟವರೇ ಅಲ್ಲ. ಅಜ್ಜನ ಎಲೆಅಡಿಕೆಯ ಚಂಚಿಯೊಳಗೆ ಅಡಕೊತ್ತು, ಸುಣ್ಣದ ಡಬ್ಬಿ ಇರುತ್ತಿದ್ದವು. ಕುರಿ ಕಾಯುವವರ ಉಡದಾರಕ್ಕೆ ಮುಳ್ಳು ಕೀಳುವ ಚಿಮಟಿಗೆ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ ಜೋತುಬಿದ್ದಿರುತ್ತಿದ್ದವು. ಬಾಣಂತಿಯ ತಲೆದಿಂಬಿನ ಕೆಳಗೆ ಒಂದು ಕಬ್ಬಿಣದ ತುಂಡು. ಖಂಡೆಪೂಜೆಯ ದಿನ ಮನೆಯ ಈಳಿಗೆಗೂ ಕುಂಕುಮ. ಅಷ್ಟೇಕೆ, ಮದುವೆಯ ದಿನ ಮದುಮಗನ ಕೈಗೆ ನಿಂಬೆಹಣ್ಣು ಚುಚ್ಚಿದ ಚೂರಿ ಕೊಡುವ ಪದ್ಧತಿ ನಮ್ಮ ಕಡೆ ಅನೇಕ ಮನೆತನಗಳಲ್ಲಿದೆ. ಗಂಡಸಿನ ಆಯುಷ್ಯದಲ್ಲಿ ಊರೆಲ್ಲ ನೋಡುವಂತೆ ಚೂರಿ ಹಿಡಿದು ಮೆರೆಯಲು ಸಿಗುವ ದಿನ ಅದೊಂದೇ. ಮರುದಿನ ಅದನ್ನು ಕಸಿದುಕೊಂಡು ಸಂಸಾರವನ್ನು ಕೊಡುತ್ತಾರೆ.

ಸರಿ, ಚಾಕು ಬೇಕು ಎಂದು ತೀರ್ಮಾನವಾಯಿತು ಅನ್ನಿ. ಎಂಥದ್ದು?

ಮೊದಲು ಅಳತೆ. ಸರಕಾರಕ್ಕೂ ಈ ವಿಷಯದಲ್ಲಿ ಒಂದು ಅಭಿಪ್ರಾಯವಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದ 2016ರ ನಿಯಮಗಳ ಪ್ರಕಾರ, ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇದ್ದರೆ ಅದು ಆಯುಧದ ಪಟ್ಟಿಗೆ ಸೇರುತ್ತದೆ. ಮನೆಗೆಲಸ, ಒಕ್ಕಲುತನ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದ್ದಕ್ಕೆ ವಿನಾಯಿತಿ ಉಂಟು. ಬಸ್ಸಿನಲ್ಲಿ ಕುಡಗೋಲಿಗೆ ಸಿಗುವ ಮರ್ಯಾದೆ ಕಾನೂನಿನ ಪುಸ್ತಕದಲ್ಲೂ ಇದೆ ಎಂದಾಯಿತು. ಆದರೆ 9 ಅಂಗುಲದ ಚಾಕುವನ್ನು ಕಿಸೆಯಲ್ಲಿ ಇಟ್ಟುಕೊಂಡವನು ಕೂರುವುದು ಹೇಗೆ? ನಾಲ್ಕು ಬೆರಳು ಅಡ್ಡ ಇಟ್ಟರೆ ಎಷ್ಟಾಗುತ್ತದೋ ಅಷ್ಟು ಅಲಗು ಧಾರಾಳ ಸಾಕು. ಹಾನಗಲ್ಲಿನ ಆಪೂಸು ಮಾವಿನ ಹಣ್ಣನ್ನು ವಾಟೆಯ ಪಕ್ಕದಿಂದ ಇಳಿಸಲಿಕ್ಕೆ ಅದಕ್ಕಿಂತ ಉದ್ದದ್ದು ಬೇಡ. ಮಾವಿನ ಹಣ್ಣಿಗೆ ಸಾಕಾದದ್ದು ಉಳಿದ ಲೋಕಕ್ಕೂ ಸಾಕು.

ಎರಡನೆಯದು, ಚಾಕುವಿನಲ್ಲಿ ಚಾಕು ಎಷ್ಟು ಇರಬೇಕು ಎಂಬ ಪ್ರಶ್ನೆ. ವಿದೇಶಕ್ಕೆ ಹೋದ ಮಕ್ಕಳಿರುವ ಮನೆಗೆಲ್ಲ ಒಂದು ದಿನ ಕೆಂಪು ಹಿಡಿಕೆಯ ಸ್ವಿಸ್ ಚಾಕು ಬಂದೇ ಬರುತ್ತದೆ. ನನಗೂ ಅಳಿಯನೊಬ್ಬ ತಂದುಕೊಟ್ಟ. ಸ್ವಿಟ್ಜರ್ಲೆಂಡಿನ ಈಬಾಖ್ ಎಂಬ ಊರಿನ ಕಾರ್ಲ್ ಎಲ್ಸೆನರ್ 1891ರಲ್ಲಿ ತನ್ನ ದೇಶದ ಸೈನ್ಯಕ್ಕೆ ಚಾಕು ಮಾಡಿಕೊಟ್ಟ. ಸಿಪಾಯಿಗಳ ಆ ಚಾಕುವಿನಲ್ಲಿ ಬಂದೂಕು ಬಿಚ್ಚುವ ಸ್ಕ್ರೂಡ್ರೈವರ್ ಇತ್ತು, ಡಬ್ಬಿ ತೆರೆಯುವ ಕೊಕ್ಕೆ ಇತ್ತು. 1897ರಲ್ಲಿ ಅಧಿಕಾರಿಗಳಿಗೆಂದು ಇನ್ನೊಂದು ಬಂತು. ಅದರಲ್ಲಿ ಬಾಟಲಿಯ ಬಿರಡೆ ಕೀಳುವ ತಿರುಪು ಸೇರಿಕೊಂಡಿತು. ಸಿಪಾಯಿ ಬಂದೂಕು ಬಿಚ್ಚಲಿ, ಸಾಹೇಬರು ಬಾಟಲಿ ಬಿಚ್ಚಲಿ ಎಂಬ ಈ ಹಂಚಿಕೆ ಜಗತ್ತಿನ ಎಲ್ಲ ಕಚೇರಿಗಳಿಗೂ ಪರಿಚಯವಿದ್ದದ್ದೇ.

ಆ ತಿರುಪನ್ನು ಶಿಗ್ಗಾವಿಯಲ್ಲಿ ಏನು ಮಾಡುವುದು? ಬಿರಡೆ ಹಾಕಿದ ಬಾಟಲಿ ನಮ್ಮ ಪೇಟೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಪಕ್ಕದ ಹೊಲದ ಕಾಕಾ ಅದಕ್ಕೊಂದು ಕೆಲಸ ಹುಡುಕಿದರು. ಮಳೆಗೆ ತೊಯ್ದು ಬಿಗಿದುಕೊಂಡಿದ್ದ ಎತ್ತಿನ ಕಣ್ಣಿಯ ಗಂಟಿನೊಳಗೆ ಅದನ್ನು ತಿರುವಿ ಜಗ್ಗಿದರು, ಗಂಟು ಸಡಿಲಾಯಿತು. ‘ಸಾಹೇಬ್ರ ಸಾಮಾನ ಎತ್ತಿಗರೆ ಬಂತಲ್ಲ’ ಎಂದರು. ಆ ಚಾಕುವಿನ ಮೂಲೆಯಲ್ಲಿದ್ದ ಪುಟ್ಟ ಚಿಮಟಿಗೆಯನ್ನು ತೋರಿಸಿದಾಗ ಮಾತ್ರ ಅವರಿಗೆ ನಗು ಬಂತು. ಜಾಲಿ ಮುಳ್ಳು ಮೆಟ್ಟಿ ಬೆಳೆದ ಮನುಷ್ಯ. ಚಿಮಟಿಗೆಯನ್ನು ಉಡದಾರದಲ್ಲಿ ನೋಡುತ್ತಲೇ ದೊಡ್ಡವರಾದವರಿಗೆ ಸ್ವಿಸ್ಸಿನವರು ಹೊಸದೇನು ತೋರಿಸಿಯಾರು?

ಮೂರನೆಯದು ಲೋಹ. ಇದರಲ್ಲಿ ಎರಡು ಪಕ್ಷ. ತುಕ್ಕು ಹಿಡಿಯದ ಸ್ಟೇನ್‌ಲೆಸ್ಸಿನವರದು ಒಂದು, ಕುಲುಮೆಯ ಉಕ್ಕಿನವರದು ಇನ್ನೊಂದು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಕಮ್ಮಾರರು ಮಾಡಿಕೊಡುವ ಚಾಕು ನೋಡಲಿಕ್ಕೆ ಚಂದವಿರುವುದಿಲ್ಲ, ಆದರೆ ಹರಿತವಾಗಿರುತ್ತದೆ. ಬಾಯಿ ಹೋದರೆ ಮನೆಮುಂದಿನ ಕಟ್ಟೆಯ ಕಲ್ಲಿನ ಮೇಲೆ ನೀರು ಹನಿಸಿ ಮಸೆದರೆ ಮತ್ತೆ ಬರುತ್ತದೆ. ದೋಷವೆಂದರೆ ಮಾವಿನಕಾಯಿ ಹೆಚ್ಚಿದ ಅರ್ಧ ತಾಸಿಗೆ ಅಲಗು ಕಪ್ಪಾಗುತ್ತದೆ; ಒರೆಸದೆ ಇಟ್ಟರೆ ಬೆಳಗಾಗುವಷ್ಟರಲ್ಲಿ ತುಕ್ಕು. ಸ್ಟೇನ್‌ಲೆಸ್ಸಿಗೆ ಆ ಕಾಟವಿಲ್ಲ. ಆದರೆ ಅಗ್ಗದ್ದಾದರೆ ಬೇಗ ಮೊಂಡಾಗುತ್ತದೆ, ತುಟ್ಟಿಯದಾದರೆ ನಮ್ಮ ಕಟ್ಟೆಯ ಕಲ್ಲಿಗೆ ಬಗ್ಗುವುದಿಲ್ಲ. ಸೈಕಲ್ಲಿನ ಮೇಲೆ ಸಾಣೆ ಚಕ್ರ ಕಟ್ಟಿಕೊಂಡು ಬರುವವನ ಕೈಗೆ ಕೊಡುವಾಗ ಪಕ್ಕದಲ್ಲೇ ನಿಂತಿರಬೇಕು. ಕಿಡಿ ಹಾರುವುದನ್ನು ನೋಡಿ ಹಿಗ್ಗಬಾರದು. ಅಲಗಿನ ಅಂಚು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಉಕ್ಕಿನ ಹದ ಸುಟ್ಟುಹೋಯಿತು, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ನಡುನಡುವೆ ನೀರಿಗೆ ಅದ್ದು ಎಂದು ಹೇಳುತ್ತಿರಬೇಕು. ನನ್ನ ಸ್ವಿಸ್ ಚಾಕುವನ್ನು ಕಮ್ಮಾರರಲ್ಲಿಗೆ ಒಯ್ದಾಗ ಅವರು ಒಂದೊಂದೇ ಭಾಗವನ್ನು ಬಿಚ್ಚಿ ನೋಡಿ, ‘ಸರ, ಇದಕ್ಕ ಬಾಯಿಗಿಂತ ಹಲ್ಲ ಭಾಳ ಅದಾವ’ ಎಂದು ಮಡಚಿ ಕೊಟ್ಟರು.

ನಾಲ್ಕನೆಯದು ಹಿಡಿಕೆ ಮತ್ತು ಕೀಲು. ಫ್ರಾನ್ಸಿನ ಸವಾಯ್ ಗುಡ್ಡಗಾಡಿನಲ್ಲಿ ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ಮರದ ಹಿಡಿಕೆಯ ಮಡಚುವ ಚಾಕು ಮಾಡಿದ. ಅಲ್ಲಿಯ ರೈತರ ಕಿಸೆಗೆ ಅದು ಒಗ್ಗಿತು. ಬಳಸುವಾಗ ಅಲಗು ತಾನೇ ಮಡಚಿ ಬೆರಳು ಕಚ್ಚದಂತೆ 1955ರಲ್ಲಿ ಅದರ ಕುತ್ತಿಗೆಗೊಂದು ತಿರುಗುವ ಉಂಗುರ ಹಾಕಿದರು. ಅದರ 8ನೇ ನಂಬರಿನ ಅಲಗು 8.5 ಸೆಂಟಿಮೀಟರ್. ನನ್ನ ನಾಲ್ಕು ಬೆರಳಿನ ಲೆಕ್ಕಕ್ಕೆ ಸುಮಾರಾಗಿ ಸರಿಹೋಗುತ್ತದೆ. ಆದರೆ ಮರ ನೀರು ಕುಡಿದರೆ ಉಬ್ಬುತ್ತದೆ, ಉಬ್ಬಿದರೆ ಅಲಗು ಹೊರಗೆ ಬರುವುದಿಲ್ಲ. ಬಯಲುಸೀಮೆಯ ಸವಣೂರಿನಲ್ಲಿ ಇದರ ಗೊಡವೆ ಅಷ್ಟಿಲ್ಲ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನಲ್ಲಿ ಆಷಾಢದ ಜಡಿಮಳೆ ಹಿಡಿದುಕೊಂಡಿತೆಂದರೆ ಚಾಕುವನ್ನು ಬಿಚ್ಚಲಿಕ್ಕೇ ಇನ್ನೊಂದು ಚಾಕು ಬೇಕು. ಒಂದೇ ಜಿಲ್ಲೆಯೊಳಗೆ ಎರಡು ಹವಾಮಾನ ಇಟ್ಟುಕೊಂಡವರು ಹಿಡಿಕೆಯ ವಿಷಯದಲ್ಲಿ ಪ್ಲಾಸ್ಟಿಕ್ಕಿಗೆ ಮುಖ ಸೊಟ್ಟ ಮಾಡಬಾರದು.

ಇಷ್ಟೆಲ್ಲ ಹೇಳಿದರೂ ಅಸಲು ಮಾತು ಉಳಿಯಿತು. ಚಾಕು ಆರಿಸುವವರು ತಮ್ಮ ಕೈ ನೋಡಿ, ತಮ್ಮ ಕೆಲಸ ನೋಡಿ ಆರಿಸುತ್ತಾರೆ. ನಮ್ಮ ಸೀಮೆಯಲ್ಲಿ ಅದು ತಪ್ಪು ಲೆಕ್ಕ. ಇಲ್ಲಿ ಒಬ್ಬನ ಕಿಸೆಯಲ್ಲಿ ಚಾಕು ಯಾಕೆ ಇದೆ ಎಂದು ಗೊತ್ತಾಗುವ ತನಕ ಅವನನ್ನು ಸಂಶಯದಿಂದ ನೋಡುತ್ತಾರೆ. ಗೊತ್ತಾದ ಮೇಲೆ ಆ ಚಾಕು ಊರಿನದು.

ಸವಣೂರಿನ ಮದುವೆಯೊಂದರ ಮುನ್ನಾದಿನದ ಸಂಜೆ. ಮಂಟಪದ ಬಾಗಿಲಲ್ಲಿ ಬಾಳೆಕಂಬ ಕಟ್ಟುತ್ತಿದ್ದ ಹುಡುಗನಿಗೆ ಹಗ್ಗ ಕೊಯ್ಯಲು ಏನೂ ಸಿಗಲಿಲ್ಲ. ನಾನು ಚಾಕು ತೆಗೆದೆ. ಅವನು ಕೈ ಹಿಂದಕ್ಕೆಳೆದುಕೊಂಡ. ‘ಕೈಯಾಗ ಕೊಡಬ್ಯಾಡ್ರಿ ಕಾಕಾ, ಜಗಳಾ ಆಕ್ಕಾವು. ಕಟ್ಟಿ ಮ್ಯಾಲ ಇಡ್ರಿ, ತಗೋತೇನಿ.’ ಇಟ್ಟೆ, ತೆಗೆದುಕೊಂಡ. ಕಟ್ಟೆಯ ಮೇಲಿಂದ ಅದು ಲೈಟಿನವನ ಕೈಗೆ ಹೋಯಿತು. ಅವನು ವೈರು ಸುಲಿದ, ಸುಲಿದ ಮೇಲೆ ಅದೇ ತುದಿಯಿಂದ ಪ್ಲಗ್ಗಿನ ಸ್ಕ್ರೂ ತಿರುವಿದ. ಅಲ್ಲಿಂದ ಅಡುಗೆಮನೆ. ಎಣ್ಣೆಯ ಡಬ್ಬಿಯ ಬಾಯಿ, ಅಕ್ಕಿಚೀಲದ ಹೊಲಿಗೆ. ಈ ಹೊಲಿಗೆಯ ಸರಿಯಾದ ಎಳೆ ಹಿಡಿದು ಜಗ್ಗಿದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ, ಚಾಕು ಬೇಕಾಗಿಯೇ ಇಲ್ಲ. ಆದರೆ ಕೈಯಲ್ಲಿ ಚಾಕು ಇದ್ದವನು ಎಳೆ ಯಾಕೆ ಹುಡುಕಿಯಾನು? ಕೊನೆಗೆ ಬೀಗರ ಪೈಕಿ ಅಜ್ಜಿಯೊಬ್ಬರು ಅಡಿಕೆ ಒಡೆಯಲು ತರಿಸಿಕೊಂಡರು. ‘ಅಡಕೊತ್ತ ಮನ್ಯಾಗ ಉಳದೈತಿ ತಮ್ಮಾ, ಇದು ನಿಂದೇನು? ಭಾಳ ಸಣ್ಣದೈತೆಲ್ಲ’ ಎಂದು ನನ್ನನ್ನೇ ಬೈದರು.

ರಾತ್ರಿ ಊಟದ ಹೊತ್ತಿಗೆ ಚಾಕು ತಿರುಗಿ ಬಂತು. ಅಲಗಿನ ಮೇಲೆ ಬಾಳೆಯ ಸೊನೆ ಕಂದು ಬಣ್ಣಕ್ಕೆ ತಿರುಗಿತ್ತು. ಕೀಲಿನೊಳಗೆ ತಾಮ್ರದ ಒಂದೆಳೆ, ಹಿಡಿಕೆಗೆ ಅರಿಸಿನ, ಅಂಚಿಗೆ ಗಮ್ ಟೇಪಿನ ಅಂಟು. ತುದಿ ಎಳ್ಳಿನಷ್ಟು ಮುರಿದಿತ್ತು. ಮದುವೆಯ ಖರ್ಚಿನ ಪಟ್ಟಿ ಪೂರ್ತಿ ಅದರ ಮೈಮೇಲೆ ಬರೆದಿತ್ತು, ಮೊತ್ತ ಒಂದನ್ನು ಬಿಟ್ಟು.

ಆದ್ದರಿಂದ ಚಾಕು ಕೊಳ್ಳುವವರಿಗೆ ನನ್ನ ಸಲಹೆ ಇಷ್ಟು: ನಿಮ್ಮನ್ನು ಮರೆತು, ಬೇಡಲು ಬರುವವರನ್ನು ಕಣ್ಣಮುಂದೆ ಇಟ್ಟುಕೊಳ್ಳಿ. ಒಂದೇ ಅಲಗು ಸಾಕು; ಎರಡಿದ್ದರೆ ಇಬ್ಬರು ಬರುತ್ತಾರೆ. ಮೊನೆ ತೀರ ಚೂಪು ಬೇಡ, ಹೇಗೂ ಸ್ಕ್ರೂ ತಿರುವುವವರು ಅದನ್ನು ಮುರಿಯುತ್ತಾರೆ. ಬಿಚ್ಚಿದಾಗ ಗಟ್ಟಿಯಾಗಿ ನಿಲ್ಲುವ ಕೀಲು ಇರಲಿ, ಬೇರೆಯವರ ಮಕ್ಕಳ ಬೆರಳಿನ ಜವಾಬುದಾರಿ ನಿಮ್ಮ ಮೇಲೆ ಬರುತ್ತದೆ. ಗುಂಡಿ ಒತ್ತಿದರೆ ಚಿಮ್ಮುವ ಚಾಕು ಖಂಡಿತ ಬೇಡ, ಅದನ್ನು ಕಂಡರೆ ಪೊಲೀಸರಿಗೂ ಸಿನಿಮಾ ನೆನಪಾಗುತ್ತದೆ. ಹಿಡಿಕೆ ಕೆಂಪೋ ಹಳದಿಯೋ ಇರಲಿ. ಗೋವಿನಜೋಳದ ದಂಟಿನ ನಡುವೆ ಬಿದ್ದ ಕಪ್ಪು ಚಾಕುವನ್ನು ಹುಡುಕಿ ತೆಗೆದವರಿಲ್ಲ. ಚಾಕು ಕಳೆದುಹೋದರೆ ಊಟ ಸೇರದಷ್ಟು ಬೆಲೆ ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮೂರಿನ ಕಮ್ಮಾರರು ಅದನ್ನು ಕೈಯಲ್ಲಿ ಹಿಡಿದು ನಗಬಾರದು. ವಿಮಾನಕ್ಕೆ ಹೋಗುವಾಗ ಅದನ್ನು ಕೈಚೀಲದಲ್ಲಿ ಇಡಬೇಡಿ, ದೊಡ್ಡ ಸಾಮಾನಿನಲ್ಲಿ ಹಾಕಿ ಕಳಿಸಿ. ಕೋರ್ಟು ಕಚೇರಿಯ ಕೆಲಸವಿದ್ದ ದಿನ ಮನೆಯಲ್ಲೇ ಬಿಟ್ಟುಹೋಗಿ.

ಈ ನಾಲ್ಕು ತಾಲ್ಲೂಕಿನ ಯಾವುದೇ ಬಸ್‌ಸ್ಟ್ಯಾಂಡಿನಲ್ಲಿ ನಾನು ಸಿಕ್ಕರೆ ಸಂಕೋಚವಿಲ್ಲದೆ ಚಾಕು ಕೇಳಿ, ಕಟ್ಟೆಯ ಮೇಲೆ ಇಡುತ್ತೇನೆ. ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಲು ಮಾತ್ರ ಕೇಳಬೇಡಿ. ಕೆಲಸ ಮುಗಿದ ಮೇಲೆ ಒರೆಸಿ, ಮಡಚಿ, ನಿಮ್ಮ ಬಸ್ಸು ಬಿಡುವ ಮುಂಚೆ ವಾಪಸು ಕೊಡಿ.