ಹಳೇ ಬೆಂಜ್, ಹೊಸ ಚಿಂತೆ

ಹತ್ತು ವರ್ಷದ ಬೆಂಜ್ ಇ-ಕ್ಲಾಸ್ ಈಗ ಹೆಚ್ಚುಕಡಿಮೆ ಹೊಸ ಬ್ರೆಜಾ ಬೆಲೆಗೆ ಸಿಗುತ್ತದಂತೆ. ಈ ಒಂದು ಸುದ್ದಿ ಎಷ್ಟು ಸಂಸಾರಸ್ಥರ ನಿದ್ದೆ ಕೆಡಿಸಿದೆಯೋ! ಬಾನೆಟ್ ಮೇಲಿನ ಆ ಮೂರು ಮೊನೆಯ ನಕ್ಷತ್ರ ಕಂಡರೆ ಅಪಾರ್ಟ್‌ಮೆಂಟ್ ವಾಚ್‌ಮನ್ನೂ ಎದ್ದು ಸೆಲ್ಯೂಟ್ ಹೊಡೆಯುತ್ತಾನೆ.

ಬೆಲೆ ಇನ್ನೂ ಇಳಿದಿದ್ದರೆ ನಂಬರ್ ಪ್ಲೇಟ್ ನೋಡಿ. 'ಡಿಎಲ್' ಇರಬಹುದು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಕೂಡದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅಲ್ಲಿನ ಸಿರಿವಂತ ಡೀಸೆಲ್‌ಗಳು ದಕ್ಷಿಣಕ್ಕೆ ವಲಸೆ ಹೊರಟವು. ಇಲ್ಲಿ ಮತ್ತೆ ಎನ್‌ಒಸಿ, ಆರ್‌ಟಿಒ, ಜೀವಾವಧಿ ತೆರಿಗೆ. ಕಾರಿನ ವಯಸ್ಸಿಗೆ ರಿಯಾಯಿತಿ ಉಂಟು, ಆದರೆ ಲೆಕ್ಕ ಶುರುವಾಗುವುದು ಹೊಸ ಕಾರಿನ ಬೆಲೆಯಿಂದ!

ಏರ್ ಸಸ್ಪೆನ್ಷನ್ ಇರುವ ಕಾರಾದರೆ ಸಂಜೆ ನೋಡಿ ಮರುಳಾಗಬೇಡಿ. ರಾತ್ರಿ ನಿಲ್ಲಿಸಿಟ್ಟು ಬೆಳಿಗ್ಗೆ ಹೋಗಿ ನೋಡಿ. ಗಾಳಿಚೀಲದ ರಬ್ಬರು ಹಳೆಯದಾಗಿದ್ದರೆ ಗಾಡಿ ಒಂದು ಕಡೆ ಮಂಡಿಯೂರಿರುತ್ತದೆ. ಮಾರುವವರು "ಸ್ಟಾರ್ಟ್ ಮಾಡಿದ್ರೆ ಎದ್ದೇಳುತ್ತೆ ಸಾರ್" ಅನ್ನುತ್ತಾರೆ. ಏಳುತ್ತದೆ, ನಿಜ. ಎಷ್ಟು ದಿನ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಕಾರಿನ ಬೆಲೆ ಇಳಿದಿದೆಯೇ ಹೊರತು ಬಿಡಿಭಾಗಗಳದ್ದು ಇಳಿದಿಲ್ಲ. ಕೊನೆಗೆ ಮೂಗಿಗಿಂತ ಮೂಗುತಿ ಭಾರ. ನಮ್ಮೂರ ಹಂಪುಗಳ ಮಾತಂತೂ ಬೇಡವೇ ಬೇಡ.

ಪೂರ್ತಿ ಸರ್ವಿಸ್ ದಾಖಲೆ ಇದ್ದು, ಕಾರಿನ ಬೆಲೆಯ ಕಾಲು ಭಾಗ ರಿಪೇರಿಗೆಂದೇ ಬ್ಯಾಂಕಿನಲ್ಲಿದ್ದರೆ ಧಾರಾಳವಾಗಿ ತನ್ನಿ. ಇಲ್ಲವೇ, ಬ್ರೆಜಾ ಸಾಕು ಸ್ವಾಮಿ.