ಶಿಷ್ಯೋತ್ತಮರು ಬೇಕಾಗಿದ್ದಾರೆ

ಒಳ್ಳೆಯ ಗುರುವಿಗೂ ಶಿಷ್ಯರು ಸಿಗುವುದು ಕಷ್ಟ ಎನ್ನುತ್ತಾರೆ. ನೆಟ್‌ವರ್ಕ್ ಮಾರ್ಕೆಟಿಂಗ್‌ನಲ್ಲಿ ಆ ತಾಪತ್ರಯವಿಲ್ಲ. ಸಂಜೆಯ ಮೀಟಿಂಗಿಗೆ ಬಂದು ಕಾಫಿ ಕುಡಿದವರೆಲ್ಲ ಶಿಷ್ಯರೇ. ಅವರಲ್ಲಿ ಯಾರ ಹಿಂದೆ ಓಡಾಡಿದರೆ ಪೆಟ್ರೋಲ್ ಖರ್ಚಾದರೂ ಹುಟ್ಟೀತು ಎಂದು ಪತ್ತೆ ಮಾಡುವುದೇ ಕಷ್ಟ.

ನನ್ನ ಷಡ್ಡಕರು ಸೋಪು, ಟೂತ್‌ಪೇಸ್ಟ್, ಪ್ರೋಟೀನ್ ಪುಡಿಗಳ ಈ ವ್ಯವಹಾರದಲ್ಲಿ ಪಳಗಿದವರು. ಅವರ ಡೌನ್‌ಲೈನಿನಲ್ಲಿ, ಅಂದರೆ ಅವರ ಕೈಕೆಳಗೆ ಸೇರಿದವರಲ್ಲಿ, ನಿವೃತ್ತ ಮೇಷ್ಟ್ರು, ಟ್ಯೂಷನ್ ಹೇಳುವವರು, ಇನ್ಶೂರೆನ್ಸ್ ಏಜೆಂಟರು ಎಲ್ಲರೂ ಇದ್ದಾರೆ. ಅಷ್ಟೂ ಜನರನ್ನು ತಿದ್ದಿ ತೀಡಲು ಆಗುತ್ತದೆಯೇ? ಒಬ್ಬಿಬ್ಬರನ್ನು ಆರಿಸಿಕೊಳ್ಳಿ ಎಂದು ಅವರನ್ನು ಸೇರಿಸಿಕೊಂಡ ಅಪ್‌ಲೈನಿನ ಅಪ್ಪಣೆಯಾಯಿತು.

ಆಮೇಲೆ ಶುರುವಾದದ್ದು ಥೇಟ್ ವಧೂಪರೀಕ್ಷೆ. ಮುಂದಿನ ಸಾಲಿನಲ್ಲಿ ಕೂತು, ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿ, "ಸಾರ್, ಎರಡು ವರ್ಷದಲ್ಲಿ ಕೆಲಸ ಬಿಟ್ಬಿಡ್ತೀನಿ" ಎಂದ ಹುಡುಗ ಷಡ್ಡಕರಿಗೆ ಬಲು ಮೆಚ್ಚುಗೆಯಾದ. ಅವನು ಕೆಲಸ ಬಿಡಲಿಲ್ಲ. ಇವರ ಫೋನ್ ಎತ್ತುವುದನ್ನು ಬಿಟ್ಟ.

ಹಿಂದಿನ ಸಾಲಿನಲ್ಲಿ ನಮ್ಮ ಬೀದಿಯಲ್ಲಿ ಚೀಟಿ ನಡೆಸುವ ಹೆಂಗಸೊಬ್ಬರಿದ್ದರು. ಕೇಳಿದ್ದು ಒಂದೇ ಪ್ರಶ್ನೆ: "ಮಾಲು ಖರ್ಚಾಗದಿದ್ರೆ ವಾಪಸ್ ತಗೋತೀರಾ?" ಇವರು ನೆಗೆಟಿವ್ ಮನುಷ್ಯರು ಎಂದು ಷಡ್ಡಕರು ಆಗಲೇ ತೀರ್ಪು ಕೊಟ್ಟರು. ಆಕೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದೇ ಬಾಟಲಿ ಒಯ್ದರು. ಮುಚ್ಚಳದಲ್ಲಿ ಅಳೆದು, ನೀರು ಬೆರೆಸಿ, ಹಳೆಯ ಹಾರ್ಲಿಕ್ಸ್ ಬಾಟಲಿಗೆ ತುಂಬಿ, ಎಷ್ಟು ದಿನ ಬಂತೆಂದು ಚೀಟಿ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟರು. ನೆರೆಹೊರೆಯವರಿಗೆ ಆ ಹಾಳೆ ತೋರಿಸಿದರು, ಭಾಷಣ ಮಾಡಲಿಲ್ಲ. ಬಾಟಲಿಗಳು ಖರ್ಚಾದವು.

ಷಡ್ಡಕರ ಪ್ಲಾನಿನಲ್ಲಿ ಬಾಟಲಿಗಿಂತ ವೃತ್ತಗಳೇ ಹೆಚ್ಚು. ನೀವು ಆರು ಜನರನ್ನು ಸೇರಿಸಿ, ಅವರು ತಲಾ ಆರು ಜನರನ್ನು ಸೇರಿಸಲಿ, ಹೀಗೇ ಹತ್ತು ಸಾಲು. ಗುಣಿಸಿ ನೋಡಿದೆ: ಹತ್ತನೇ ಸಾಲೊಂದರಲ್ಲೇ 6,04,66,176 ಜನ! 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ. ತೊಟ್ಟಿಲ ಕೂಸೂ ಡಿಸ್ಟ್ರಿಬ್ಯೂಟರ್ ಆದಮೇಲೆ ಸೋಪು ಕೊಳ್ಳುವವರು ಯಾರು?

ಸರ್ಕಾರಕ್ಕೂ ಈ ಲೆಕ್ಕ ಹೊಳೆದಿರಬೇಕು. 2021ರ ಡಿಸೆಂಬರಿನಲ್ಲಿ ಬಂದ ನೇರ ಮಾರಾಟದ ನಿಯಮಗಳು ಪಿರಮಿಡ್ ಸ್ಕೀಮುಗಳನ್ನು ನಿಷೇಧಿಸಿವೆ. ಗುರುತಿನ ಚೀಟಿ ಇಲ್ಲದೆ, ಮುಂಚೆ ತಿಳಿಸದೆ ಗ್ರಾಹಕರ ಮನೆಗೆ ಹೋಗಕೂಡದು ಎಂದೂ ಇದೆ. ಸರಿಯಾಗಿ ಊಟದ ಹೊತ್ತಿಗೆ "ಸುಮ್ನೆ ಈ ಕಡೆ ಬಂದಿದ್ದೆ" ಎನ್ನುತ್ತಾ ಒಳಬರುವ ಷಡ್ಡಕರಿಗೆ ಇದನ್ನು ಓದಿ ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ನನ್ನ ಮಟ್ಟಿಗೆ ಶಿಷ್ಯರ ಪರೀಕ್ಷೆ ಸುಲಭ. ಮೀಟಿಂಗಾದ ಮರುವಾರ ಯಾರು ತಮ್ಮ ಕನಸು ಹೇಳಲು ಫೋನ್ ಮಾಡುತ್ತಾರೆ, ಯಾರು ಗಿರಾಕಿಯ ದೂರು ಹೇಳಲು ಮಾಡುತ್ತಾರೆ ನೋಡಿ, ಎರಡನೆಯವರನ್ನು ಹಿಡಿದುಕೊಳ್ಳಿ. ಷಡ್ಡಕರೂ ಕೊನೆಗೆ ಚೀಟಿಯವರನ್ನೇ ಹಿಡಿದುಕೊಂಡರು. ಆಕೆ ಷಡ್ಡಕರ ಗಿರಾಕಿಗಳ ಲಿಸ್ಟನ್ನೇ ತರಿಸಿ ನೋಡಿ, "ನೆಂಟರನ್ನ ಬಿಡಿ ಸಾರ್. ಮುಲಾಜಿಗೆ ಒಂದ್ಸಲ ತಗೋತಾರೆ, ಎರಡನೇ ಸಲ ಬಾಗಿಲು ಹಾಕ್ಕೋತಾರೆ" ಎಂದರಂತೆ. ಹಾಗಾಗಿ ನನ್ನ ಹೆಸರಿಗೆ ಕಾಟು ಬಿತ್ತು. ಈಗ ಷಡ್ಡಕರು ಬಂದರೆ ಊಟ ಮಾತ್ರ ಮಾಡಿಕೊಂಡು ಹೋಗುತ್ತಾರೆ.